ಹಗ್ಗ ಕಾಣುತ್ತದೆ

ಸಿಡುಕಿಗೆ ಬೆಳಗಾದರೆ ಯಾರ ಮೇಲಾದರೂ ಸಿಟ್ಟು ಬರಲೇಬೇಕು. ಬಸ್ಸಿನವನ ಮೇಲೆ, ಲಿಫ್ಟಿನ ಮೇಲೆ, ಕಾಫಿ ಮೆಷಿನ್ನಿನ ಮೇಲೆ, ಯಾರೂ ಸಿಗದಿದ್ದರೆ ಟೀವಿಯವರ ಮೇಲೆ. ಈ ಹೆಸರನ್ನು ಅವಳಿಗೆ ಇಟ್ಟವರು ಲ್ಯಾಬಿನವರು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಬೆನ್ನ ಹಿಂದೆ ಮಾತ್ರ ಧಾರಾಳವಾಗಿ ಕರೆಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಟೀವಿಯವರ ಮೇಲಿನ ಸಿಟ್ಟು ಕಸುಬಿನಿಂದ ಬಂದದ್ದು. ಅವಳ ಲ್ಯಾಬಿನಲ್ಲಿ ಹಳೆಯ ಸಿನಿಮಾಗಳ ಮೂಲ ರೀಲು ತಂದು, ತೊಳೆದು, ಒಂದೊಂದೇ ಚಿತ್ರವಾಗಿ ಕಂಪ್ಯೂಟರಿಗೆ ಏರಿಸಿ, ಎಚ್‌ಡಿ ಡಿಸ್ಕು ಮಾಡುತ್ತಾರೆ. ಡಿಸ್ಕಿನಲ್ಲಿ ನಾಯಕನ ಕೆನ್ನೆಯ ಮೇಲಿನ ಬೆವರಹನಿ ಹನಿಯಾಗಿಯೇ ಕಾಣುತ್ತದೆ. ಅದೇ ಸಿನಿಮಾ ಚಾನೆಲ್ಲಿನಲ್ಲಿ ಬಂದರೆ ಬೆವರೂ ಇಲ್ಲ, ಕೆನ್ನೆಯೂ ಇಲ್ಲ, ಮುಖವೆಲ್ಲ ಒಂದೇ ಮುದ್ದೆ. "ಅಷ್ಟೊಂದು ಚಾನೆಲ್ಲನ್ನ ಒಂದೇ ಪೈಪಲ್ಲಿ ತುರುಕಿದ್ರೆ ಇನ್ನೇನಾಗತ್ತೆ? ಹಿಂಡಿ ಹಿಂಡಿ ಕಳಿಸ್ತಾರೆ ದರಿದ್ರದೋರು. ಸಣ್ಣದು ಅಂತ ಕಂಡಿದ್ದನ್ನೆಲ್ಲ ಗುಡಿಸಿ ಹಾಕ್ತಾರೆ. ಸಾಲದು ಅಂತ ನಾಲ್ಕೂ ಅಂಚು ಬೇರೆ ಕತ್ತರಿಸ್ತಾರೆ. ನೋಡೋರಿಗೆ ಕಣ್ಣಿಲ್ಲ ಅಂದ್ಕೊಂಡಿದಾರಾ?" ಎಂದು ಊಟದ ಹೊತ್ತಿನಲ್ಲಿ ಅವಳು ಶುರು ಮಾಡಿದರೆ, ಪಕ್ಕದ ಕುರ್ಚಿಯ ನಿದ್ದೆಗಣ್ಣ ತನ್ನ ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದ.

ಆದರೆ ಚಿತ್ರ ಅಷ್ಟು ಸ್ವಚ್ಛವಾದರೆ ಅದರದೇ ಒಂದು ತಾಪತ್ರಯ. ಕಾಣಬಾರದ್ದೆಲ್ಲ ಕಾಣತೊಡಗುತ್ತದೆ. ವಿಗ್ಗಿನ ಅಂಟು ಕಾಣುತ್ತದೆ, ಬಂಡೆಯ ಮೇಲೆ ಬಳಿದ ಬಣ್ಣ ಕಾಣುತ್ತದೆ, ಕಟ್ಟಡದಿಂದ ಹಾರುವ ವೀರನ ಸೊಂಟದ ಹಗ್ಗ ಕಾಣುತ್ತದೆ. ಹಿಂದೆ ಥಿಯೇಟರುಗಳಲ್ಲಿ ಗೀಚು ಬಿದ್ದ ಪ್ರಿಂಟಿನಲ್ಲಿ, ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಶಾಟಿನಲ್ಲಿ ಅದನ್ನು ಯಾರೂ ಗಮನಿಸಿರಲಿಲ್ಲ. ಟೀವಿಯಲ್ಲಂತೂ ಸುಳಿವೇ ಇಲ್ಲ. ಡಿಸ್ಕು ಕೊಂಡವನು ಮಾತ್ರ ಶಾಟು ನಿಲ್ಲಿಸಿ ನಿಲ್ಲಿಸಿ ನೋಡುತ್ತಾನೆ, ಹಗ್ಗ ಕಂಡರೆ ಬೈದು ಬರೆಯುತ್ತಾನೆ. ಹಾಗಾಗಿ ಡಿಸ್ಕು ಹೊರಬೀಳುವ ಮುಂಚೆ ಹಗ್ಗಗಳನ್ನು ಅಳಿಸಬೇಕು. ಆ ಅಳಿಸುವ ಕೆಲಸವೇ ಸಿಡುಕಿಯದು, ಅದರಲ್ಲಿ ಅವಳನ್ನು ಮೀರಿಸುವವರು ಲ್ಯಾಬಿನಲ್ಲಿ ಇರಲಿಲ್ಲ.

ಆ ಕೆಲಸಕ್ಕೊಂದು ಕ್ರಮವಿದೆ. ಸಿನಿಮಾದ ಹೆಸರು ಬರುವುದಿಲ್ಲ, ಶಾಟಿನ ನಂಬರು ಬರುತ್ತದೆ. ಚಿತ್ರವನ್ನು ಎಷ್ಟು ಹಿಗ್ಗಿಸಿಕೊಳ್ಳಬೇಕೆಂದರೆ ಗುಡ್ಡ ಗುಡ್ಡವಾಗಿ ಕಾಣಬಾರದು, ಬಣ್ಣದ ಚುಕ್ಕಿಗಳಾಗಿ ಕಾಣಬೇಕು. ಹಗ್ಗದ ಮೇಲ್ತುದಿ ಹಿಡಿದು ಕೆಳಕ್ಕೆ ಇಳಿಯುತ್ತ, ಪಕ್ಕದ ಚುಕ್ಕಿಗಳನ್ನು ಎಳೆದು ಹಗ್ಗದ ಮೇಲೆ ಹೊದಿಸುತ್ತ ಹೋಗಬೇಕು. ಹಗ್ಗವನ್ನು ಮಾತ್ರ ನೋಡಬೇಕು, ಹಗ್ಗದಲ್ಲಿರುವ ಮನುಷ್ಯನನ್ನು ನೋಡಬಾರದು. ಮನುಷ್ಯನನ್ನು ನೋಡಿದರೆ ಕೈ ತಪ್ಪುತ್ತದೆ ಎಂದು ಹೊಸಬರಿಗೆ ಅವಳೇ ಕಲಿಸಿಕೊಟ್ಟಿದ್ದಳು.

ಲ್ಯಾಬಿನ ಯಜಮಾನನ ಜೊತೆ ಅವಳದು ನಿತ್ಯದ ಜಗಳ. ಮುಗಿದ ಕೆಲಸವನ್ನು ಆತ ಪೂರ್ತಿ ಗಾತ್ರದಲ್ಲಿ ತೆರೆದು ನೋಡುವವನೇ ಅಲ್ಲ. ಅಷ್ಟು ದೊಡ್ಡ ಫೈಲು ತೆರೆಯಲು ಕಾಯಬೇಕು, ಕಾಯುವ ತಾಳ್ಮೆ ಆತನಿಗಿಲ್ಲ. ಟೀವಿಯವರು ಹಿಂಡಿದ ಹಾಗೆಯೇ ಹಿಂಡಿ, ಅಂಚು ಕತ್ತರಿಸಿ ಒಂದು ಹಗುರ ಕಾಪಿ ಮಾಡಿಸಿಕೊಂಡು, ಫೋನಿನಲ್ಲಿ ಮಾತಾಡುತ್ತ, ಅರ್ಧ ಕಣ್ಣಿನಲ್ಲಿ ನೋಡಿ "ಸರಿ, ಕಳಿಸಿ" ಎನ್ನುತ್ತಿದ್ದ. ಸಿನಿಮಾ ಕಂಪನಿಯವರಿಗೆ ಒಪ್ಪಿಗೆಗೆ ಹೋಗುತ್ತಿದ್ದುದೂ ಅದೇ ಹಗುರ ಕಾಪಿ.

"ಸಾರ್, ಮಾಡೋದು ಡಿಸ್ಕು, ನೋಡೋದು ಟೀವಿ. ಇದಕ್ಕೆ ಪರೀಕ್ಷೆ ಅಂತ ಹೆಸರು ಬೇರೆ!"

"ಅಮ್ಮಾ ತಾಯಿ, ನೀನು ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ನೋಡಿರ್ತೀಯಲ್ಲ, ಮತ್ತೆ ನಾನ್ಯಾಕೆ ನೋಡ್ಬೇಕು?"

ಇದು ಹೊರಗಿನ ಸಿಟ್ಟು. ಒಳಗಿನ ಸಿಟ್ಟು ಬೇರೆ ಇತ್ತು, ಅದು ಅಪ್ಪನ ಮೇಲೆ.

ಅಪ್ಪ ಸಿನಿಮಾಗಳಲ್ಲಿ ನಾಯಕರಿಗೆ ಡ್ಯೂಪ್ ಆಗಿದ್ದವನು. ನಾಯಕ ಮೆಟ್ಟಿಲು ಹತ್ತುವವರೆಗೆ ನಾಯಕ, ಮೇಲಿಂದ ಹಾರುವವನು ಅಪ್ಪ. ಸಿಡುಕಿ ಇನ್ನೂ ಅಕ್ಷರ ಕಲಿಯುತ್ತಿದ್ದಾಗ ಒಂದು ಸಿನಿಮಾದಲ್ಲಿ ನೀರಿನ ಟ್ಯಾಂಕಿನ ಮೇಲಿಂದ ಹಾರಿ ಸತ್ತ. ಸುದ್ದಿ ತಂದವನು ಸೋದರಮಾವ, ಅಮ್ಮನ ಒಡಹುಟ್ಟಿದ ತಮ್ಮ. ಅವನೂ ಅದೇ ತಂಡದಲ್ಲಿದ್ದವನು, ಮುಂದೆ ದೊಡ್ಡ ಫೈಟ್ ಮಾಸ್ಟರ್ ಆದ. "ಹಗ್ಗ ಕಟ್ಕೊಳ್ಳಿ ಭಾವ ಅಂತ ಕಾಲಿಗೆ ಬಿದ್ದೆ ಅಕ್ಕ. ಹಗ್ಗ ಕಟ್ಕೊಂಡು ಹಾರೋಕೆ ನಾನೇನು ಎಳೇ ಮಗುನಾ ಅಂದ್ರು. ಬೆಲ್ಟಿನ ಉಂಗುರಾನೇ ಕಿತ್ತು ಬಿಸಾಕಿ ಹಾರಿಬಿಟ್ರು," ಎಂದು ಅತ್ತಿದ್ದ. ಸಾಕ್ಷಿಗೆ ಬೆಲ್ಟನ್ನೂ ತಂದಿದ್ದ. ಅಗಲ ಚರ್ಮದ ಬೆಲ್ಟು. ಹಗ್ಗ ಸಿಕ್ಕಿಸುವ ಉಂಗುರವನ್ನು ಬಿಳಿ ನೂಲಿನಲ್ಲಿ ಅಡ್ಡಡ್ಡ ಹೊಲಿದು ಭದ್ರ ಮಾಡಿ ಕೊಟ್ಟವಳು ಅಮ್ಮನೇ. ಈಗ ಆ ಜಾಗದಲ್ಲಿ ಉಂಗುರವಿಲ್ಲ, ಹರಿದ ನೂಲು ಮಾತ್ರ.

ಅಮ್ಮನಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಬಂದದ್ದು ಹೋಗಲೇ ಇಲ್ಲ. ಹೆಂಡತಿ, ಪುಟ್ಟ ಮಗಳು ಯಾರೂ ಕಣ್ಣಿಗೆ ಕಾಣದಷ್ಟು ಜಂಬವೇ ಒಬ್ಬ ಗಂಡಸಿಗೆ? ಆ ಬೆಲ್ಟಿನಲ್ಲಿ ಅವಳು ಅಡುಗೆಮನೆಯ ಬಾಗಿಲು ಮುರಿದ ಬೀರುವನ್ನು ಕಟ್ಟಿದಳು. "ಇದಕ್ಕಾದ್ರೂ ಉಪಯೋಗಕ್ಕೆ ಬರ್ಲಿ," ಎಂದಳು. ಗಂಡನ ಹೆಸರೂ ಇಲ್ಲ, ಅವರು ಎನ್ನುವುದೂ ಇಲ್ಲ. 'ಆ ಮನುಷ್ಯ' ಅಷ್ಟೇ. ಮಗಳು ಹಟ ಮಾಡಿದರೆ "ಆ ಮನುಷ್ಯನ ಜಂಬ ನಿಂಗೂ ಬಂದಿದೆ" ಎಂಬುದೊಂದೇ ಬೈಗುಳ.

ಸ್ವಲ್ಪ ಅನುಮಾನ ಉಳಿದಿದ್ದರೂ ಟೀವಿ ಅದನ್ನು ಕಳೆದುಬಿಟ್ಟಿತು. ಆ ಸಿನಿಮಾದವರಿಗೆ ನಾಚಿಕೆ ಮಾನ ಮರ್ಯಾದೆ ಒಂದೂ ಇರಲಿಲ್ಲ. ಹಾರಿದ್ದು ಚೆನ್ನಾಗಿ ಬಂದಿದೆ ಎಂದು, ಸತ್ತವನ ಕೊನೆಯ ಹಾರಾಟವನ್ನೇ ಸಿನಿಮಾದಲ್ಲಿ ಇಟ್ಟುಕೊಂಡರು. ಅವನು ಚೌಕಟ್ಟಿನ ಕೆಳಗೆ ಮರೆಯಾಗುವವರೆಗೆ ತೋರಿಸಿ, ಮುಂದಿನ ಶಾಟಿನಲ್ಲಿ ನಾಯಕ ಮಣ್ಣು ಕೊಡವಿಕೊಂಡು ಏಳುತ್ತಾನೆ. ಥಿಯೇಟರಿಗೆ ಅಮ್ಮ ಕಾಲಿಡಲಿಲ್ಲ. ಚಾನೆಲ್ಲಿನಲ್ಲಿ ಮೊದಲ ಸಲ ಬಂದಾಗ ಮಾತ್ರ ಟೀವಿಗೆ ಮೂಗು ತಾಗಿಸಿ ಕೂತು ನೋಡಿದಳು. ಹಗ್ಗ ಇರಲಿಲ್ಲ. ತನ್ನ ಕಣ್ಣಿನಿಂದಲೇ ನೋಡಿದ ಮೇಲೆ ಇನ್ನೇನು ಬೇಕು? ಅಂದಿನಿಂದ ಆ ಸಿನಿಮಾ ಯಾವಾಗ ಬಂದರೂ ಬಿಡದೆ ನೋಡಿ, ಬಿಡದೆ ಬೈದಳು. ಈಚೆಗೆ ರೆಕಾರ್ಡು ಮಾಡಿಯೂ ಇಟ್ಟುಕೊಂಡಿದ್ದಳು. ಯಾಕಮ್ಮ ಎಂದರೆ, "ಸಿಟ್ಟು ಆರಬಾರದು ನೋಡು, ಅದಕ್ಕೆ," ಎಂದಿದ್ದಳು.

ಆಮೇಲಿನದೆಲ್ಲ ಮಾವನೇ ನೋಡಿಕೊಂಡ. ಮಗಳ ಓದು, ಅಮ್ಮನ ಕಾಯಿಲೆ, ಸೋರುವ ನಲ್ಲಿ, ಎಲ್ಲ. ಭಾನುವಾರ ತಪ್ಪದೆ ಊಟಕ್ಕೆ ಬರುತ್ತಿದ್ದ. ಅಮ್ಮ ಅವನ ತಟ್ಟೆಗೆ ಬಡಿಸುತ್ತ, "ನೀನೊಬ್ಬ ಇಲ್ದಿದ್ರೆ ನಾವು ಬೀದಿ ಪಾಲಾಗ್ತಿದ್ವಿ ಕಣೋ," ಎನ್ನುತ್ತಿದ್ದಳು. ಮಡಚಿದ ಕಿರುಬೆರಳಿನ ಎಡಗೈಯಲ್ಲಿ ತಟ್ಟೆಯ ಅಂಚು ಹಿಡಿದು ಮಾವ ತಲೆ ತಗ್ಗಿಸಿ ಉಣ್ಣುತ್ತಿದ್ದ. ಎಷ್ಟು ಸಂಕೋಚದ ಮನುಷ್ಯ ಎಂದು ಸಿಡುಕಿ ಅಂದುಕೊಳ್ಳುತ್ತಿದ್ದಳು. ಅವಳಿಗೆ ಸಿಟ್ಟು ಬಾರದ ಒಬ್ಬನೇ ಗಂಡಸು ಅವನು.

ಆ ದಿನ ಬಂದ ಶಾಟು ಅವಳಿಗೆ ಬರೀ ನಂಬರು. ಬೆಳಿಗ್ಗೆ ಕೂತು ಬಲಗಡೆಯ ಮೂಲೆಯಿಂದ ಶುರು ಮಾಡಿದಳು. ಅಂಚಿನಲ್ಲಿ, ಹಗ್ಗದ ತುದಿ ಹಿಡಿದ ಯಾರದೋ ಎರಡು ಕೈ ಚೌಕಟ್ಟಿನೊಳಗೆ ಇಣುಕಿದ್ದವು. ಹಳೆಯ ಕ್ಯಾಮೆರಾದವರು ಅಂಚಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಹೇಗೂ ಕತ್ತರಿಸಿ ಹೋಗುತ್ತದೆಂಬ ಧೈರ್ಯ. "ಕೈ ಆಚೆ ಇಟ್ಕೊಂಡು ಸಾಯೋಕೇನಾಗಿತ್ತು ಇವನಿಗೆ," ಎಂದು ಗೊಣಗುತ್ತ ಆ ಕೈಗಳ ಮೇಲೆ ಗುಡ್ಡದ ಹಸಿರು ಬಳಿದಳು. ಅಲ್ಲಿಂದ ಹಗ್ಗ ಮೇಲೆ ಹೋಗಿ ಒಂದು ತೊಲೆಯನ್ನು ಹಾದು ಕೆಳಗಿಳಿಯುತ್ತಿತ್ತು. ಕರಿಯ ಸಣ್ಣ ಹಗ್ಗ. ಅದನ್ನೂ ಅಳಿಸುತ್ತ ಬಂದಳು. ಕೈ ತಾನಾಗಿ ಓಡುತ್ತಿತ್ತು. ಊಟದ ಹೊತ್ತಿಗೆ ಹಗ್ಗದ ಕೊನೆ ಸಿಕ್ಕಿತು, ಹೊಳೆಯುವ ಕಬ್ಬಿಣದ ಉಂಗುರ.

ಉಂಗುರದ ಸುತ್ತ ಬಿಳಿ ನೂಲು. ಅಡ್ಡಡ್ಡ ಹೊಲಿಗೆ.

ಸಿಡುಕಿಯ ಕೈ ನಿಂತಿತು. ಆ ಹೊಲಿಗೆಯನ್ನು ಅವಳು ದಿನಾ ನೋಡುತ್ತಾಳೆ. ಬೀರುವಿನಿಂದ ಸಕ್ಕರೆ ಡಬ್ಬಿ ತೆಗೆಯಬೇಕಾದರೆ ಆ ಬೆಲ್ಟನ್ನೇ ಬಿಚ್ಚಬೇಕು. ಚಿತ್ರವನ್ನು ಕುಗ್ಗಿಸಿ ದೂರ ಮಾಡಿದಳು. ಟ್ಯಾಂಕು ಬಂತು, ಗುಡ್ಡ ಬಂತು, ನಾಯಕನ ಅಂಗಿ ತೊಟ್ಟ ಅಪ್ಪ ಬಂದ. ಗಾಳಿಯಲ್ಲಿ ಎರಡೂ ತೋಳು ಚಾಚಿದ್ದ. ಹಗ್ಗ ಇರಲಿಲ್ಲ, ಯಾಕೆಂದರೆ ಅದನ್ನು ಅವಳೇ ಅಳಿಸಿಯಾಗಿತ್ತು.

"ಥೂ!" ಎಂದು ಅವಳು ಕೂಗಿದ್ದಕ್ಕೆ ನಿದ್ದೆಗಣ್ಣ ಬೆಚ್ಚಿ ಕಾಫಿ ಚೆಲ್ಲಿಕೊಂಡ. "ಏನಾಯ್ತು ಅಕ್ಕಾ?" ಎಂದ. ಮುಟ್ಟದ ಮೂಲ ಪ್ರತಿ ಇನ್ನೂ ಕಂಪ್ಯೂಟರಿನಲ್ಲಿತ್ತು. ಅದನ್ನು ತೆರೆದು, ಜೀವನದಲ್ಲಿ ಮೊದಲ ಸಲ ಹಗ್ಗ ಬಿಟ್ಟು ಮನುಷ್ಯನನ್ನು ನೋಡಿದಳು. ಅಪ್ಪ ಹಾರುವ ಮುಂಚೆ ಬಲಗೈಯಲ್ಲಿ ಉಂಗುರವನ್ನು ಮುಟ್ಟಿ, ಹಗ್ಗವನ್ನು ಒಮ್ಮೆ ಎಳೆದು ನೋಡಿಕೊಂಡ. ಇವನಿಗೆ ಜಂಬವಂತೆ ಜಂಬ! ಹೆದರಿದವನ ಹಾಗೆ, ಹೆಂಡತಿ ಮಕ್ಕಳಿರುವವನ ಹಾಗೆ ಎಳೆದು ನೋಡಿಕೊಂಡ. ಆಮೇಲೆ ಹಾರಿದ. ಹಗ್ಗ ಬಿಗಿಯಿತು. ಇನ್ನೇನು ಚೌಕಟ್ಟು ದಾಟಬೇಕು, ಅಷ್ಟರಲ್ಲಿ ಬಿಗಿದ ಹಗ್ಗ ಸಡಿಲವಾಗಿ ಡೊಂಕಾಯಿತು.

ಅವಳು ಅಂಚಿಗೆ ಹೋಗಿ ಕೈಗಳನ್ನು ನೋಡಿದಳು. ಹಗ್ಗ ಅಲ್ಲಿ ಕಂಬಕ್ಕೆ ಸುತ್ತಿರಲಿಲ್ಲ, ಬರೀ ಕೈಯಲ್ಲಿತ್ತು. ಎಡಗೈಯ ಕಿರುಬೆರಳು ಒಳಕ್ಕೆ ಮಡಚಿಕೊಂಡೇ ಇತ್ತು, ಹಗ್ಗವನ್ನು ಹಿಡಿದಿರಲೇ ಇಲ್ಲ. ಆ ಬೆರಳು ಹುಟ್ಟಿನಿಂದ ಹಾಗೆಯೇ. ಭಾನುವಾರ ತಟ್ಟೆಯ ಅಂಚು ಹಿಡಿಯುವಾಗ ಹಾಗೆಯೇ ಮಡಚಿಕೊಂಡಿರುತ್ತದೆ. ಶಾಟಿನ ಕೊನೆಯ ಚಿತ್ರಗಳಲ್ಲಿ ಆ ಎರಡೂ ಕೈ ಖಾಲಿ.

ಮೈಯೆಲ್ಲ ಉರಿಯಿತು. ಅಳು ಬರಲಿಲ್ಲ, ಬರಬೇಕೆಂದೂ ಅನ್ನಿಸಲಿಲ್ಲ. ಇಷ್ಟು ವರ್ಷ ಸಿಟ್ಟನ್ನೆಲ್ಲ ತಪ್ಪು ವಿಳಾಸಕ್ಕೆ ಕಳಿಸಿದ್ದೇನಲ್ಲ ಎಂಬುದೇ ಅವಳನ್ನು ಹೆಚ್ಚು ಕೆರಳಿಸಿತು. ಮನೆಯಲ್ಲಿ ನೋಡುವುದಕ್ಕೆಂದು ಲ್ಯಾಬಿನವರು ಆಗಾಗ ಪರೀಕ್ಷೆಯ ಡಿಸ್ಕು ಬರೆದುಕೊಳ್ಳುವುದುಂಟು. ಮೂಲ ಶಾಟನ್ನು ಅಂಥದೊಂದು ಡಿಸ್ಕಿಗೆ ಬರೆದು ಚೀಲಕ್ಕೆ ಹಾಕಿಕೊಂಡಳು.

ಭಾನುವಾರ ಮಾವ ಬಂದ. ಕೈ ತೊಳೆದು ಕೂರುವಷ್ಟರಲ್ಲಿ ಸಿಡುಕಿ ಟೀವಿ ಹಾಕಿ, ಅಮ್ಮನ ರೆಕಾರ್ಡನ್ನು ಟ್ಯಾಂಕಿನ ಜಾಗಕ್ಕೆ ತಂದಳು.

"ಊಟದ ಹೊತ್ತಲ್ಲಿ ಆ ಮನುಷ್ಯನ್ನ ಯಾಕೆ ಹಾಕಿದೆ?" ಎಂದು ಅಮ್ಮ ಸೌಟು ಹಿಡಿದೇ ಬಂದಳು. "ನೋಡು, ನೋಡು, ಹೆಂಗೆ ಹಾರ್ತಾನೆ! ಹಗ್ಗ ಎಲ್ಲಿದೆ? ಇದೆಯೇನೋ ತಮ್ಮಾ?"

"ಬಿಡು ಅಕ್ಕ, ಹಳೇದೆಲ್ಲ ಯಾಕೆ ಈಗ," ಎಂದ ಮಾವ.

"ಅಮ್ಮ, ಇದು ಟೀವಿಲಿ ಬಂದಿದ್ದು. ಈಗ ಡಿಸ್ಕಲ್ಲಿ ನೋಡು. ಅದೇ ಸಿನಿಮಾ, ಅದೇ ಶಾಟು," ಎಂದು ಸಿಡುಕಿ ಡಿಸ್ಕು ಹಾಕಿದಳು.

ಪರದೆ ತೊಳೆದಿಟ್ಟ ಹಾಗೆ ಬೆಳಗಿತು. ಟ್ಯಾಂಕಿನ ತುಕ್ಕು ಕಂಡಿತು, ಗುಡ್ಡದ ಹುಲ್ಲು ಕಂಡಿತು, ಗುಡ್ಡದ ಮೇಲೆ ಗೆರೆ ಎಳೆದಂತೆ ಕರಿಯ ಹಗ್ಗ ಕಂಡಿತು. ಸಿಡುಕಿ ಹಗ್ಗ ಬಿಗಿಯಾದಲ್ಲಿಗೆ ಚಿತ್ರ ನಿಲ್ಲಿಸಿದಳು. ಅಮ್ಮ ಟೀವಿಯ ಹತ್ತಿರ ಹೋದಳು. ಗಂಡನ ಸೊಂಟದ ಮೇಲೆ ಬೆರಳಿಟ್ಟಳು. "ನನ್ನ ಹೊಲಿಗೆ," ಎಂದಳು. ಬೆರಳು ಹಗ್ಗದ ಮೇಲೆ ಹತ್ತಿತು, ತೊಲೆ ಹಾಯಿತು, ಇಳಿಯಿತು, ಬಲಗಡೆಯ ಅಂಚಿನ ಕೈಗಳ ಮೇಲೆ ನಿಂತಿತು. ಮಡಚಿದ ಕಿರುಬೆರಳನ್ನು ಅವಳು ಮುಟ್ಟಿ ನೋಡಿದಳು. ಹಸುಗೂಸಾಗಿದ್ದಾಗಿನಿಂದ ಎತ್ತಿ ಆಡಿಸಿದ ತಮ್ಮನ ಬೆರಳು ಅಕ್ಕನಿಗೆ ಗೊತ್ತಿರದೆ ಇರುತ್ತದೆಯೇ?

ತಿರುಗಿ ನೋಡಿದಾಗ ಮಾವ ಎದ್ದು ನಿಂತಿದ್ದ.

"ಜಾರಿತು ಅಕ್ಕ," ಎಂದ. "ಕಂಬಕ್ಕೆ ಸುತ್ತಬೇಕಿತ್ತು. ಬೇಗ ಬೇಗ ಅಂತ ಕ್ಯಾಮೆರಾ ಹತ್ರದಿಂದ ಕೂಗ್ತಿದ್ರು, ಸುತ್ತಲಿಲ್ಲ. ಕೈಯೆಲ್ಲ ಬೆವೆತಿತ್ತು, ಜಾರಿಬಿಡ್ತು."

"ಉಂಗುರ?"

ಮಾವ ಎಡಗೈಯನ್ನು ಬೆನ್ನ ಹಿಂದೆ ಸರಿಸಿದ.

"ಉಂಗುರಾನೂ ಜಾರಿತೇನೋ? ನನ್ನ ನೂಲನ್ನ ಯಾವ ಬ್ಲೇಡಲ್ಲಿ ಕುಯ್ದೆ?"

"ಏನು ಮಾಡ್ಲಿ ಅಕ್ಕ? ನನ್ನ ಕೈಯಿಂದ ಹೀಗಾಯ್ತು ಅಂದಿದ್ರೆ ಮತ್ತೆ ಯಾರು ಕರೀತಿದ್ರು ಕೆಲಸಕ್ಕೆ? ನಿನ್ನ, ಈ ಮಗೂನ ಯಾರು ನೋಡ್ಕೋತಿದ್ರು? ನಾನು ತಿನ್ನೋಕೆ ಮುಂಚೆ ನಿಮಗೆ ತಿನ್ಸಿಲ್ವಾ? ಒಂದು ದಿನ ಕೈ ಬಿಟ್ಟಿದೀನಾ?"

"ತಿನ್ಸಿದೀಯ," ಎಂದಳು ಅಮ್ಮ. "ಕೈ ಜಾರಿತು ಅಂದಿದ್ರೆ ಎದೆ ಬಡ್ಕೊಂಡು ಅತ್ತು, ಒಂದು ದಿನ ಸಮಾಧಾನ ಮಾಡ್ಕೋತಿದ್ದೆ. ಎಲ್ಲರ ಕೈಯೂ ಜಾರತ್ತೆ. ನಿನ್ನ ನಾಲಿಗೆ ಜಾರಲಿಲ್ವಲ್ಲೋ! ಒಂದು ಸಲ, ಒಂದೇ ಒಂದು ಸಲ ಜಾರಬಾರದಿತ್ತಾ? ಸತ್ತೋರ ತಲೆ ಮೇಲೆ ಗೂಬೆ ಕೂರಿಸಿ, ನನ್ನ ಬಾಯಲ್ಲೇ ಅವರನ್ನ ಬೈಸಿದ್ಯಲ್ಲ. ನಾನು ಬೈತಿದ್ದಾಗ ನೀನು ಇಲ್ಲೇ ಕೂತು ಉಣ್ತಿದ್ದೆ. ಹೆಂಗೋ ಇಳೀತು ಗಂಟಲಲ್ಲಿ?"

ಮಾವನ ಮುಖ ಸಣ್ಣಗಾಯಿತು. ಅಮ್ಮನಿಂದ ತಪ್ಪಿಸಿಕೊಳ್ಳಲು ಅವನು ಸೊಸೆಯ ಕಡೆ ತಿರುಗಿದ. ಅದು ಅವನು ಮಾಡಬಾರದಿದ್ದ ಕೆಲಸ.

"ಮರೀ, ನಿನ್ನ ಕೆಲಸಾನೇ ಅದಲ್ವಾ? ಅಳಿಸಿಬಿಡು. ಡಿಸ್ಕಲ್ಲಿ ಹಗ್ಗ ಕಾಣಬಾರದು ತಾನೆ? ನಮ್ಮೋರು ಯಾರಾದ್ರೂ ನೋಡಿದ್ರೆ ನನ್ನ ಕೈ ಅಂತ ಗುರುತು ಹಿಡೀತಾರೆ. ಈ ವಯಸ್ಸಲ್ಲಿ ಮುಖ ಎತ್ಕೊಂಡು ಓಡಾಡೋದು ಹೆಂಗೆ?"

ಸಿಡುಕಿಗೆ ಬಾಯಿಗೆ ಬಂದದ್ದನ್ನೆಲ್ಲ ಅನ್ನಬೇಕೆನ್ನಿಸಿತು. ಅಮ್ಮ ಅವಕಾಶ ಕೊಡಲಿಲ್ಲ. ಸೌಟನ್ನು ಮಗಳ ಕಡೆ ತಿರುಗಿಸಿದಳು.

"ನೀನು ಆ ಹಗ್ಗ ಅಳಿಸಿದ್ರೆ ಈ ಮನೆಗೆ ಕಾಲಿಡಬೇಡ. ಊರೆಲ್ಲ ಅವರನ್ನ ಜಂಬದಿಂದ ಸತ್ತ ಅಂದಿದೆ. ಊರೆಲ್ಲ ನೋಡ್ಲಿ."

ಮಾವ ಉಣ್ಣದೆ ಹೋದ. ಬಡಿಸಿದ ತಟ್ಟೆ ಸಂಜೆಯವರೆಗೂ ಹಾಗೇ ಇತ್ತು, ಯಾರೂ ಎತ್ತಲಿಲ್ಲ.

ಮಾರನೆಯ ದಿನ ಸಿಡುಕಿ ಯಜಮಾನನ ಕೋಣೆಗೆ ನುಗ್ಗಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಕೆಟ್ಟವನೇನಲ್ಲ. ಕೇಳಿ "ಅಯ್ಯೋ ಪಾಪ" ಎಂದ, ಕುರ್ಚಿ ಎಳೆದು ಕೂರಿಸಿದ, ನೀರು ತರಿಸಿಕೊಟ್ಟ. ಎಲ್ಲ ಮಾಡಿ ಕೊನೆಗೆ, "ಆದ್ರೂ ಹಗ್ಗ ಹಗ್ಗಾನೇ ಕಣಮ್ಮ," ಎಂದ. "ನಮ್ಮನ್ನ ಇಟ್ಕೊಂಡಿರೋದೇ ಅದನ್ನ ತೆಗೆಯೋಕೆ. ಒಬ್ಬೊಬ್ಬರ ಮನೆ ಕತೆ ಕೇಳ್ಕೊಂಡು ಒಂದೊಂದು ಹಗ್ಗ ಬಿಟ್ರೆ ನಾನು ಬಾಗಿಲು ಹಾಕ್ಬೇಕು. ನಿನ್ನ ಕೈಲಾಗಲ್ಲ ಅಂದ್ರೆ ಹೇಳು, ಬೇಜಾರಿಲ್ಲ. ನಿದ್ದೆಗಣ್ಣಂಗೆ ಕೊಡ್ತೀನಿ."

ಅಪ್ಪನ ಹಗ್ಗ ನಿದ್ದೆಗಣ್ಣನ ಕೈಗೆ! ಅವನು ಅಳಿಸಿದರೆ ಹಗ್ಗದ ಜೊತೆ ಅಪ್ಪನ ಅರ್ಧ ಸೊಂಟವನ್ನೂ ಅಳಿಸಿಬಿಡುತ್ತಾನೆ. ಅವಳ ಸಿಟ್ಟು ನೆತ್ತಿಗೇರಿತು. ಮೇಜು ಕುಟ್ಟಲು ಕೈ ಎತ್ತಿದವಳು, ಮೇಜಿನ ಮೇಲಿದ್ದ ಯಜಮಾನನ ಕಂಪ್ಯೂಟರನ್ನು ನೋಡಿ ಕೈ ಹಾಗೇ ಇಳಿಸಿದಳು. ಅದರಲ್ಲಿ ಯಾವುದೋ ಸಿನಿಮಾದ ಹಗುರ ಕಾಪಿ ಓಡುತ್ತಿತ್ತು. ನಾಯಕನ ಮುಖ ಎಂದಿನಂತೆ ಒಂದೇ ಮುದ್ದೆಯಾಗಿತ್ತು.

"ಬೇಡ ಸಾರ್," ಎಂದಳು ಮೆತ್ತಗೆ. "ನಾನೇ ಮಾಡಿಕೊಡ್ತೀನಿ."

ಅವಳು ಮೆತ್ತಗೆ ಮಾತಾಡಿದ್ದು ಕೇಳಿ ಯಜಮಾನನಿಗೆ ಕರುಳು ಚುರುಕ್ ಎಂದಿತು. ಪಾಪ, ಹುಡುಗಿ ತುಂಬ ನೊಂದಿದ್ದಾಳೆ ಎಂದುಕೊಂಡ.

ಅವಳು ಕೂತು ತಾನು ಬಳಿದದ್ದನ್ನೆಲ್ಲ ತೆಗೆದಳು. ಕೈಗಳ ಮೇಲಿನ ಹಸಿರು ತೆಗೆದಳು, ಹಗ್ಗದ ಮೇಲಿನ ಚುಕ್ಕಿ ತೆಗೆದಳು, ಎಲ್ಲ ಮೊದಲಿದ್ದ ಹಾಗೆ. ಸುಮ್ಮನೆ ಕೂತರೆ ಅನುಮಾನ ಬರುತ್ತದೆಂದು ಅದೇ ಶಾಟಿನಲ್ಲಿದ್ದ ಗೀಚು, ಧೂಳಿನ ಕಲೆಗಳನ್ನು ಒಂದೊಂದಾಗಿ ಒರೆಸಿದಳು. ಹಗ್ಗ ಇನ್ನಷ್ಟು ಚೊಕ್ಕವಾಗಿ ಎದ್ದು ಕಂಡಿತು. ಮುಗಿಸಿ, ಹಗುರ ಕಾಪಿ ತೆಗೆದು ತಾನೇ ಒಯ್ದು ಯಜಮಾನನ ಮುಂದೆ ಇಟ್ಟಳು.

ಯಜಮಾನ ಫೋನಿನಲ್ಲಿದ್ದ. ಒಂದು ಕಿವಿ ಅಲ್ಲಿ, ಒಂದು ಕಣ್ಣು ಇಲ್ಲಿ. ಅಪ್ಪ ಹಾರಿದ. ಹಿಂಡಿದ ಚಿತ್ರದಲ್ಲಿ ಗುಡ್ಡ ಹಸಿರು ಮುದ್ದೆಯಾಗಿತ್ತು, ಹಗ್ಗ ಆ ಮುದ್ದೆಯೊಳಗೆ ಕರಗಿ ಹೋಗಿತ್ತು, ಅಂಚು ಕತ್ತರಿಸಿ ಹೋಗಿತ್ತು. ಇಷ್ಟು ವರ್ಷ ಅಮ್ಮನ ಕಣ್ಣಿಗೆ ಮಣ್ಣೆರಚಿದ ಆ ದರಿದ್ರ ಚಿತ್ರವೇ ಈಗ ಯಜಮಾನನ ಕಣ್ಣಿಗೂ ಎರಚುತ್ತಿತ್ತು. ಮಾಡೋದು ಡಿಸ್ಕು, ನೋಡೋದು ಟೀವಿ ಎಂಬ ಮಾತು ಅಭ್ಯಾಸಬಲದಿಂದ ಸಿಡುಕಿಯ ಬಾಯಿವರೆಗೆ ಬಂತು. ತುಟಿ ಕಚ್ಚಿ ತಡೆದಳು.

ಯಜಮಾನ ಫೋನನ್ನು ಅಂಗೈಯಿಂದ ಮುಚ್ಚಿ, "ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೆದಿದೀಯ ಕಣಮ್ಮ," ಎಂದ. "ಎಷ್ಟು ಕಷ್ಟ ಆಯ್ತೋ ಏನೋ ನಿಂಗೆ. ಸರಿ, ಕಳಿಸು."

ಕಂಪನಿಯವರೂ ಹಗುರ ಕಾಪಿ ನೋಡಿ ಹಗುರವಾಗಿಯೇ ಒಪ್ಪಿದರು. ಡಿಸ್ಕು ಅಚ್ಚಾಗಿ, ಡಬ್ಬಿ ಸೇರಿ, ಅಂಗಡಿಗಳಿಗೆ ಹೋಯಿತು. ಮಾವ ಆಮೇಲೆ ಯಾವ ಭಾನುವಾರವೂ ಬರಲಿಲ್ಲ. ಅಮ್ಮ ಅವನ ತಟ್ಟೆಯನ್ನು ಮೇಲಿನ ಅಟ್ಟಕ್ಕೆ ಹಾಕಿದಳು.

ಒಂದು ಬೆಳಿಗ್ಗೆ ಯಜಮಾನನ ಕೋಣೆಯಿಂದ ಲ್ಯಾಬೆಲ್ಲ ಕೇಳುವಂಥ ಕೂಗು ಬಂತು. ಸಿಡುಕಿ ಹೋದಳು. ಆತನ ಮುಖ ಕೆಂಪಗಾಗಿತ್ತು. ಡಿಸ್ಕು ಕೊಂಡ ಯಾರೋ ಒಬ್ಬ ಸಿಟ್ಟಿನಿಂದ ಬರೆದಿದ್ದ. ಕಂಪನಿಯವರು ಅದನ್ನು ಯಜಮಾನನಿಗೆ ಕಳಿಸಿ, ಅದರ ಮೇಲೆ ತಮ್ಮದೂ ಒಂದಿಷ್ಟು ಬೈಗುಳ ಸೇರಿಸಿದ್ದರು.

"ಏನಿದು? ಏನಮ್ಮ ಇದು? ನನ್ನ ತಲೆ ಮೇಲೆ ಮೆಣಸು ಅರೆದ್ಯಲ್ಲ! ಓದು, ಓದು ಇದನ್ನ!"

"ನೀವೇ ಓದಿ ಸಾರ್. ಸ್ವಲ್ಪ ಜೋರಾಗಿ ಓದಿ."

ಅವನು ಓದಲಿಲ್ಲ. ಬಾಗಿಲು ತೋರಿಸಿದ. ಅವಳು ಬೇಡಿಕೊಳ್ಳಲೂ ಇಲ್ಲ, ಜಗಳಕ್ಕೂ ನಿಲ್ಲಲಿಲ್ಲ. "ಇನ್ಮೇಲಾದ್ರೂ ಪೂರ್ತಿ ಫೈಲು ತೆರೆದು ನೋಡಿ ಸಾರ್," ಎಂದಳು, ಅಷ್ಟೇ. ತನ್ನ ಕಾಫಿ ಲೋಟ ಚೀಲಕ್ಕೆ ಹಾಕಿಕೊಂಡಳು. ನಿದ್ದೆಗಣ್ಣ ಅವಳ ಜೊತೆ ಲಿಫ್ಟಿನವರೆಗೆ ಬಂದು, ಆ ಕಾಗದವನ್ನು ಯಜಮಾನನ ಮೇಜಿನಿಂದ ತಾನೇ ಎತ್ತಿಕೊಂಡು ಬಂದದ್ದಾಗಿ ಹೇಳಿ, ಮಡಚಿ ಅವಳ ಕೈಗಿಟ್ಟ. ಅವನಿಗೆ ಇಷ್ಟು ಚುರುಕಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಅಮ್ಮ ಅಡುಗೆಮನೆಯಲ್ಲಿದ್ದಳು. ಬೀರು ಬಾಯಿ ತೆರೆದುಕೊಂಡಿತ್ತು. ಬೆಲ್ಟು ಮೇಜಿನ ಮೇಲೆ, ಒರೆಸಿ ಎಣ್ಣೆ ಹಚ್ಚಿದ್ದಳು. ಹರಿದ ನೂಲನ್ನು ಬಿಡಿಸಿ ಹಾಕಿ, ಎಲ್ಲಿಂದಲೋ ತಂದ ಹೊಸ ಉಂಗುರವನ್ನು ಬಿಳಿ ನೂಲಿನಲ್ಲಿ ಅಡ್ಡಡ್ಡ ಹೊಲಿಯುತ್ತಿದ್ದಳು. ಕೆಲಸ ಹೋಯಿತು ಎಂದು ಮಗಳು ಹೇಳಿದ್ದಕ್ಕೆ, "ಹೋಗ್ಲಿ ಬಿಡು, ಇನ್ನೊಂದು ಸಿಗತ್ತೆ. ಅದೇನು ಕೈಯಲ್ಲಿ?" ಎಂದಳು.

ಸಿಡುಕಿ ನಿಂತೇ ಓದಿದಳು.

"ಈ ಸಿನಿಮಾವನ್ನು ಟೀವಿಯಲ್ಲಿ ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ, ಯಾವತ್ತೂ ಇಂಥ ಅಧ್ವಾನ ಕಂಡಿರಲಿಲ್ಲ. ದುಡ್ಡು ಕೊಟ್ಟು ಡಿಸ್ಕು ತಂದರೆ, ಟ್ಯಾಂಕಿನಿಂದ ಹಾರುವ ಶಾಟಿನಲ್ಲಿ ಹಗ್ಗ ಕಾಣುತ್ತದೆ. ಹಾರುವವನ ಸೊಂಟಕ್ಕೆ ಹಗ್ಗ ಬಿಗಿಯಾಗಿ ಕಟ್ಟಿರುವುದು ಕುರುಡನಿಗೂ ಗೊತ್ತಾಗುತ್ತದೆ. ಅದನ್ನು ಹಿಡಿದವನ ಕೈ ಕಾಣುತ್ತದೆ, ಅವನು ಬಿಟ್ಟದ್ದೂ ಕಾಣುತ್ತದೆ. ಮಾಡಿದವರಿಗೆ ಕಣ್ಣಿರಲಿಲ್ಲವೇ?"

ಅಮ್ಮ ಸೂಜಿಯನ್ನು ಬೆಲ್ಟಿನಲ್ಲೇ ಚುಚ್ಚಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವರ ಸೊಂಟದ ವಿಷಯ ಬರೆದಿದಾನಲ್ಲ," ಎಂದಳು. "ಬಿಗಿಯಾಗಿ ಕಟ್ಟಿತ್ತು ಅಂತ. ಅದೊಂದನ್ನ ಇನ್ನೊಂದ್ಸಲ ಓದು."